ಅಣ್ಣ ತಮ್ಮ ಇಬ್ಬರೂ ಒಂದೇ ದೇಶದ ತಂಡದಲ್ಲಿ ಆಡಬಹುದಾ?

ವಾಸ್ಕೋದಿಂದ ತಾಯಿಯೊಬ್ಬರ ಪ್ರಶ್ನೆ: "ನಮ್ಮೂರು ಬಾಗಲಕೋಟೆ ಕಡೆ. ಮಕ್ಕಳು ಹುಟ್ಟಿ ಬೆಳೆದದ್ದು ಗೋವಾದಲ್ಲೇ. ದೊಡ್ಡವನಿಗೆ 14, ಚಿಕ್ಕವನಿಗೆ 12. ಇಬ್ಬರಿಗೂ ಫುಟ್‌ಬಾಲ್ ಹುಚ್ಚು, ಇಬ್ಬರಿಗೂ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು, ಆಗುವ ಆಸೆ. ಒಂದೇ ಮನೆಯ ಇಬ್ಬರನ್ನು ಭಾರತ ತಂಡಕ್ಕೆ ತಗೊಳ್ಳೋದಿಲ್ಲ ಅಂತ ಮೈದಾನದಲ್ಲಿ ಯಾರೋ ಹೇಳಿದ್ದಾರೆ. ಅವತ್ತಿನಿಂದ ಚಿಕ್ಕವನು ಸಪ್ಪಗಿದ್ದಾನೆ. ಹಾಗೊಂದು ನಿಯಮ ಇದೆಯಾ?"

ಇಲ್ಲ. ಅಂಥ ನಿಯಮ ಎಲ್ಲೂ ಇಲ್ಲ. ಚಿಕ್ಕವನಿಗೆ ಇವತ್ತೇ ಹೇಳಿಬಿಡಿ.

1954ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಗೆ ಫ್ರಿಟ್ಜ್ ವಾಲ್ಟರ್ ನಾಯಕ. ಅವರ ತಮ್ಮ ಒಟ್ಮಾರ್ ಅದೇ ತಂಡದ ಸ್ಟ್ರೈಕರ್. ಸೆಮಿಫೈನಲ್‌ನಲ್ಲಿ ಆಸ್ಟ್ರಿಯಾವನ್ನು 6-1ರಿಂದ ಸೋಲಿಸಿದಾಗ ಅಣ್ಣನದು ಎರಡು ಗೋಲು, ತಮ್ಮನದೂ ಎರಡು! 2010ರ ವಿಶ್ವಕಪ್‌ಗೆ ಹೊಂಡುರಾಸ್ ತಂಡದಲ್ಲಿ ಪಲಾಸಿಯೋಸ್ ಮನೆಯ ಮೂವರು ಹೋಗಿದ್ದರು. ವಿಲ್ಸನ್, ಜೆರ್ರಿ, ಜಾನಿ.

ಆದರೆ ಇಬ್ಬರೂ ಒಟ್ಟಿಗೇ ಆಯ್ಕೆಯಾಗೋದು ಕಷ್ಟ. ಮುಖ್ಯವಾಗಿ ವಯಸ್ಸು ಕೂಡಿ ಬರಬೇಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾಗಿದ್ದ ಪಿ.ಕೆ. ಬ್ಯಾನರ್ಜಿ ಮತ್ತು ತಮ್ಮ ಪ್ರಸೂನ್ ಇಬ್ಬರೂ ದೇಶಕ್ಕೆ ಆಡಿದರು. ಆದರೆ ಅವರ ನಡುವೆ ಸುಮಾರು 19 ವರ್ಷದ ಅಂತರ. ನಿಮ್ಮ ಮಕ್ಕಳ ನಡುವೆ ಎರಡೇ ವರ್ಷ, ಅದು ಒಳ್ಳೆಯದೇ.

ಇನ್ನೊಂದು, ಆಡುವ ಜಾಗ. ನನಗೆ ನಿಮ್ಮ ಪತ್ರದಲ್ಲಿ ಎದ್ದು ಕಂಡದ್ದು ಇದೇ, ಇಬ್ಬರಿಗೂ ಸ್ಟ್ರೈಕರ್ ಜಾಗವೇ ಬೇಕು. ಇಂಗ್ಲೆಂಡ್‌ನ ಚಾರ್ಲ್ಟನ್ ಸಹೋದರರನ್ನು ನೋಡಿ. ಕಲ್ಲಿದ್ದಲು ಗಣಿಯ ಊರಿನ ಹುಡುಗರು. ತಮ್ಮ ಬಾಬಿಗೆ 1958ರಲ್ಲೇ ದೇಶದ ತಂಡದಲ್ಲಿ ಜಾಗ ಸಿಕ್ಕಿತು. ಅಣ್ಣ ಜಾಕ್ ಕಾದದ್ದು 1965ರವರೆಗೆ, ಆಗ ಅವರಿಗೆ ಮೂವತ್ತು ಹತ್ತಿರ. ಮರುವರ್ಷ ಇಬ್ಬರೂ ಸೇರಿ ವಿಶ್ವಕಪ್ ಗೆದ್ದರು. ಜಾಕ್ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವವರು, ಬಾಬಿ ಮಧ್ಯದಿಂದ ನುಗ್ಗುವವರು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಅಡ್ಡ ಬರಲೇ ಇಲ್ಲ.

ಫ್ರಾನ್ಸ್‌ನ ಲೂಕಾಸ್ ಮತ್ತು ಥಿಯೋ ಹೆರ್ನಾಂಡೆಜ್ ವಿಷಯ ಬೇರೆ. ಇಬ್ಬರದೂ ಎಡ ಬದಿಯ ರಕ್ಷಣೆ. 2022ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಲೂಕಾಸ್ ಮೊಣಕಾಲಿಗೆ ಪೆಟ್ಟಾಯಿತು. ಅವರ ಬದಲು ಒಳಗೆ ಬಂದದ್ದು ತಮ್ಮ ಥಿಯೋ. ಆಮೇಲೆ ಸೆಮಿಫೈನಲ್‌ನಲ್ಲಿ ಮೊರಾಕೊ ವಿರುದ್ಧ ಥಿಯೋ ಗೋಲನ್ನೂ ಹೊಡೆದರು. ಅಣ್ಣ ನೋವಿನಲ್ಲಿ ಹೊರಗೆ ಹೋಗುವಾಗ ಅದೇ ಜಾಗಕ್ಕೆ ತಮ್ಮ ಹೋಗಿ ನಿಲ್ಲೋದು ಅಂದರೆ ಎಷ್ಟು ಸಂಕಟ ಅಲ್ವಾ? ಅದಕ್ಕೇ ಹೇಳ್ತೀನಿ, ಇಬ್ಬರನ್ನೂ ಈಗಲೇ ಸ್ಟ್ರೈಕರ್ ಅಂತ ಕಟ್ಟಿಹಾಕಬೇಡಿ. ಚಿಕ್ಕವನನ್ನು ಸ್ವಲ್ಪ ದಿನ ರಕ್ಷಣೆಯ ಜಾಗದಲ್ಲಿ ಆಡಿಸಿ ನೋಡಿ ಅಂತ ಕೋಚ್‌ಗೆ ಕೇಳಿ. ಮನೆ ಮುಂದೆ ದಿನವೂ ಅಣ್ಣನನ್ನೇ ತಡೆದು ಕಲಿಯಬಹುದು. ಅಂಥ ಅಭ್ಯಾಸ ದುಡ್ಡು ಕೊಟ್ಟರೂ ಸಿಗೋದಿಲ್ಲ.

ನಿಯಮ ಇರೋದು ಪೌರತ್ವದ ಬಗ್ಗೆ. ಜೆರೋಮ್ ಬೋಟೆಂಗ್ ಜರ್ಮನಿಗೆ ಆಡಿದರು, ಅದೇ ತಂದೆಯ ಮಗ ಕೆವಿನ್-ಪ್ರಿನ್ಸ್ ಘಾನಾಕ್ಕೆ. 2010ರ ವಿಶ್ವಕಪ್‌ನಲ್ಲಿ ಇಬ್ಬರೂ ಎದುರುಬದುರಾದರು. ಭಾರತಕ್ಕೆ ಆಡಲು ಭಾರತದ ಪಾಸ್‌ಪೋರ್ಟ್ ಬೇಕೇ ಬೇಕು. ಗೋವಾದಲ್ಲಿ ಇದು ಸಣ್ಣ ವಿಷಯ ಅಲ್ಲ. ಗೋವಾ ಪೋರ್ಚುಗಲ್ ಆಳ್ವಿಕೆಯಲ್ಲಿದ್ದಾಗ, ಅಂದರೆ 1961ರ ಡಿಸೆಂಬರ್‌ಗೆ ಮೊದಲು, ಇಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್ ಪೌರತ್ವ ಪಡೆಯಬಹುದು. ಆದರೆ ಅದನ್ನು ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ಒಂದೇ ಮನೆಯಲ್ಲಿ ಅಣ್ಣ ಆ ಪಾಸ್‌ಪೋರ್ಟ್ ಪಡೆದು, ತಮ್ಮ ಭಾರತದ್ದನ್ನೇ ಇಟ್ಟುಕೊಂಡರೆ ಇಬ್ಬರೂ ಒಟ್ಟಿಗೆ ಭಾರತಕ್ಕೆ ಆಡೋಕಾಗೋದಿಲ್ಲ. ಮೈದಾನದಲ್ಲಿ ಯಾರೋ ಹೇಳಿದ ಮಾತು ಬಹುಶಃ ಇಂಥ ಮನೆಯ ಕಥೆಯಿಂದ ಹುಟ್ಟಿರಬೇಕು.

ನಿಮಗೆ ಆ ತೊಂದರೆ ಇಲ್ಲ. ಇಬ್ಬರ ಜನನ ಪ್ರಮಾಣಪತ್ರದಲ್ಲೂ ತಂದೆಯ ಹೆಸರು, ಮನೆತನದ ಹೆಸರು ಒಂದೇ ಥರ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ನಮ್ಮ ಕಡೆಯ ಹೆಸರುಗಳನ್ನು ಇಲ್ಲಿ ಬರೆಯುವಾಗ ಒಂದೆರಡು ಅಕ್ಷರ ಆಚೀಚೆ ಆಗೋದು ಜಾಸ್ತಿ. ವಯಸ್ಸಿನ ಗುಂಪಿನ ಟೂರ್ನಿಗಳಲ್ಲಿ ಮೊದಲು ಕೇಳೋದೇ ಆ ಕಾಗದ.