ಕುಮಾರವ್ಯಾಸನಿಗೆ ಬೇಡವಾದ ಹಲಗೆ ಬಳಪ

ತಾನು ಹಲಗೆ ಬಳಪ ಹಿಡಿಯುವವನಲ್ಲ, ಇಟ್ಟ ಪದವನ್ನು ಅಳಿಸುವವನಲ್ಲ ಎಂದು ಗದುಗಿನ ಕುಮಾರವ್ಯಾಸ ಕಾವ್ಯದ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಅದು ಅಗ್ಗಳಿಕೆಯ ಮಾತಾಗಬೇಕಾದರೆ ಉಳಿದ ಕವಿಗಳ ಕೈಯಲ್ಲಿ ಹಲಗೆ ಬಳಪ ಇದ್ದಿರಲೇಬೇಕು. ಹೊಳೆದದ್ದನ್ನು ಗೀಚಿ, ಒರೆಸಿ, ತಿದ್ದಿ, ಆಮೇಲೆ ಓಲೆಗರಿಗೆ ಏರಿಸುತ್ತಿದ್ದ ಆ ಕವಿಗಳ ಪಕ್ಷ ನಾನು. ಮನಸ್ಸಿನ ವಿಜ್ಞಾನವೂ ಅವರ ಕಡೆಗೇ ಇದೆ.

ಒಂದು ವಿಚಾರವನ್ನು ಕೂಡಲೇ ಹಿಡಿದಿಟ್ಟು ಅದರೊಡನೆ ಕೆಲಸ ಮಾಡುವ ಶಕ್ತಿಗೆ ಕಾರ್ಯಸ್ಮೃತಿ ಎಂದು ಹೆಸರು. ಅದು ತೀರಾ ಚಿಕ್ಕದು. ಒಂದೇ ಸಲಕ್ಕೆ ಅದರಲ್ಲಿ ಹಿಡಿಸುವುದು ಸುಮಾರು ನಾಲ್ಕು ಸಂಗತಿ ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಅಲ್ಲಿ ಯಾವುದೂ ಬಹಳ ಹೊತ್ತು ನಿಲ್ಲುವುದೂ ಇಲ್ಲ. 1959ರಲ್ಲಿ ಅಮೆರಿಕದ ಪೀಟರ್ಸನ್ ದಂಪತಿ ಜನರಿಗೆ ಬರೀ ಮೂರು ಅಕ್ಷರ ಕೊಟ್ಟು, ಕೂಡಲೇ ಮೂರು ಮೂರು ಕಳೆಯುತ್ತ ಹಿಮ್ಮುಖವಾಗಿ ಎಣಿಸಲು ಹಚ್ಚಿದರು. 18 ಸೆಕೆಂಡಿನಲ್ಲಿ ಆ ಅಕ್ಷರಗಳು ಬಹುಪಾಲು ಅಳಿಸಿಹೋಗಿದ್ದವು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನವನಗರದ ಹತ್ತಿರ ಹೊಳೆದದ್ದು ಹೊಸೂರು ತಲುಪುವಷ್ಟರಲ್ಲಿ ಇಲ್ಲವಾಗುವುದು ಯಾರ ದಡ್ಡತನವೂ ಅಲ್ಲ. ನಡುವೆ ಒಂದು ಫೋನು ಬಂದರೆ ಸಾಕು.

ಹಾಗಾಗಿ ಕಿಸೆಯಲ್ಲೊಂದು ವಹಿ ಬೇಕು. ಆದರೆ ಎರಡೇ ಪದ ಗೀಚಿಟ್ಟರೆ ತಿಂಗಳು ಕಳೆದ ಮೇಲೆ ಬರೆದವರಿಗೇ ಅದು ಒಗಟು. ಮನೋವಿಜ್ಞಾನಿಗಳಾದ ಎಂಡೆಲ್ ಟುಲ್ವಿಂಗ್ ಮತ್ತು ಡೊನಾಲ್ಡ್ ಥಾಮ್ಸನ್ 1973ರಲ್ಲಿ ತೋರಿಸಿದ್ದು ಇದರ ಕಾರಣವನ್ನೇ: ನೆನಪು ಒಂಟಿಯಾಗಿ ಕೂರುವುದಿಲ್ಲ, ಆಗ ಸುತ್ತ ಇದ್ದದ್ದರ ಜೊತೆಗೇ ಕೂರುತ್ತದೆ. ‘ರೈಲು’ ಎಂಬುದರ ಜೊತೆ ‘ಕಪ್ಪು’ ಎಂದು ಕಲಿತವರಿಗೆ ಆ ‘ಕಪ್ಪು’ ಪದವನ್ನು ಮರಳಿ ನೆನಪಿಗೆ ತರಲು ಅದರ ಸಹಜ ಜೋಡಿಯಾದ ‘ಬಿಳಿ’ಗಿಂತ ‘ರೈಲು’ ಹೆಚ್ಚು ನೆರವಾಗುತ್ತದೆ.

ಸವಣೂರಿನ ಶಿಕ್ಷಕಿಯೊಬ್ಬರು ‘ರೊಟ್ಟಿ, ಭಿನ್ನರಾಶಿ’ ಎಂದಷ್ಟೇ ಬರೆದುಕೊಂಡರು ಅನ್ನಿ. ಏನೂ ಉಳಿಯಲಿಲ್ಲ. ‘ನಿಲ್ದಾಣದಲ್ಲಿ ಹುಡುಗನೊಬ್ಬ ಮೆತ್ತನೆಯ ಜೋಳದ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಶೇಂಗಾ ಚಟ್ನಿ ಹಚ್ಚಿಕೊಂಡ. ಇನ್ನೊಮ್ಮೆ ಮಡಚಿದ್ದರೆ ಅರೆಕಾಲು. ಐದನೇ ಇಯತ್ತೆಯಲ್ಲಿ ಹೀಗೇ ತೋರಿಸಬಹುದು’ ಎಂದು ಬರೆದರೆ ಇಡೀ ಪಾಠ ಕೈಯಲ್ಲಿರುತ್ತದೆ. ಕಂಡದ್ದು, ಅದರಿಂದ ಹುಟ್ಟಿದ್ದು, ಎಲ್ಲಿಗೆ ಉಪಯೋಗ: ಮೂರೂ ಇರಲಿ, ಪೂರ್ತಿ ವಾಕ್ಯದಲ್ಲಿರಲಿ.

ಚಾರ್ಲ್ಸ್ ಡಾರ್ವಿನ್ 1837ರಲ್ಲಿ ತನ್ನ ವಹಿಯೊಂದರಲ್ಲಿ ಜೀವಿಗಳು ಒಂದೇ ಮೂಲದಿಂದ ಬೇರೆಬೇರೆಯಾದ ಬಗೆಯನ್ನು ತೋರಿಸುವ ಕವಲೊಡೆದ ಮರವೊಂದನ್ನು ಗೀಚಿದ. ಚಿತ್ರದ ತಲೆಯ ಮೇಲೆ ‘ನನಗನಿಸುತ್ತದೆ’ ಎಂದು ಬರೆದ. ಅಷ್ಟಕ್ಕೇ ಬಿಡಲಿಲ್ಲ. ಒಂದೇ ಕುಲದಲ್ಲಿ ಹಲವು ಪ್ರಭೇದಗಳಿರಬೇಕಾದರೆ ಕೆಲವು ಅಳಿಯಲೇಬೇಕು ಎಂಬ ತರ್ಕವನ್ನೂ ಅದೇ ಪುಟದಲ್ಲಿ ಬರೆದಿಟ್ಟ. 1859ರ ಅವನ ಮಹಾಗ್ರಂಥ ‘ಪ್ರಭೇದಗಳ ಉಗಮ’ದಲ್ಲಿರುವ ಏಕೈಕ ಚಿತ್ರವೂ ಕವಲೊಡೆಯುವ ನಕ್ಷೆಯೇ. ನಡುವಿನ 22 ವರ್ಷ ಅವನು ಹಳೆಯ ವಿಚಾರಕ್ಕೆ ಪುರಾವೆ ಕೂಡಿಸುತ್ತಲೇ ಇದ್ದ. ನೀವೂ ವಹಿಯ ಎಡಪುಟಗಳನ್ನು ಖಾಲಿ ಬಿಡಿ. ಆರು ತಿಂಗಳ ನಂತರ ಸಿಗುವ ಅದೇ ವಿಚಾರದ ಎರಡನೇ ತುಂಡಿಗೆ ಜಾಗ ಬೇಕಾಗುತ್ತದೆ.