ಸಿಂಧೂ ನಗರಗಳು, ಬರ ಮತ್ತು ಸರೋವರದ ಹೂಳು

ಸಿಂಧೂ ಕಣಿವೆಯ ನಗರಗಳು ಬರದಿಂದಲೇ ಪಾಳುಬಿದ್ದವು ಎಂಬ ಮಾತು ಈಗ ಇತ್ಯರ್ಥವಾದ ವಿಷಯದಂತೆ ಚಲಾವಣೆಯಲ್ಲಿದೆ. ಅದರ ಒಂದು ಮುಖ್ಯ ಸಾಕ್ಷಿ ವಾಯವ್ಯ ಭಾರತದ ಸರೋವರಗಳ ಹೂಳು. ಆ ಸಾಕ್ಷಿ ಐವತ್ತು ವರ್ಷಗಳಲ್ಲಿ ಒಂದೇ ಮಾತು ಹೇಳಿಲ್ಲ.

ಹೂಳನ್ನು ಓದುವ ವಿದ್ಯೆ ಸ್ವೀಡನ್ನಿನದು. ಹಿಮನದಿಯ ನೀರು ವರ್ಷಕ್ಕೊಂದರಂತೆ ಬಿಟ್ಟುಹೋದ ಮಣ್ಣಿನ ಪದರಗಳನ್ನು ಜೆರಾರ್ಡ್ ಡಿ ಗೇರ್ ಎಣಿಸಿದರು. 1916ರಲ್ಲಿ ಲೆನಾರ್ಟ್ ಫಾನ್ ಪೋಸ್ಟ್ ಪರಾಗಕಣಗಳನ್ನು ಎಣಿಸಿ ಹಳೆಯ ಕಾಡುಗಳನ್ನು ಗುರುತಿಸುವ ದಾರಿ ತೋರಿಸಿದರು. 1949ರ ಹೊತ್ತಿಗೆ, ಸತ್ತ ಜೀವಿಯಲ್ಲಿ ಕ್ರಮೇಣ ಕರಗುತ್ತ ಹೋಗುವ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ರೇಡಿಯೋಕಾರ್ಬನ್ ಕಾಲಗಣನೆಯೂ ಬಂತು.

1970ರ ದಶಕದ ಆರಂಭದಲ್ಲಿ ಗುರ್ದೀಪ್ ಸಿಂಗ್ ರಾಜಸ್ಥಾನದ ಸಾಂಭರ್, ಡೀಡ್ವಾನಾ, ಲೂಣಕರಣಸರ್ ಉಪ್ಪುಸರೋವರಗಳ ಹೂಳಿನಲ್ಲಿ ಪರಾಗ ಹುಡುಕಿದರು. ಅದು ದಿಟ್ಟ ಕೆಲಸ. ಕ್ರಿ.ಪೂ. 3000ರಿಂದ ಸುಮಾರು 1800ರವರೆಗೆ ಮಳೆ ಚೆನ್ನಾಗಿತ್ತು, ಆಮೇಲೆ ನೆಲ ಒಣಗಿತು ಎಂದು ಅವರು ತೀರ್ಮಾನಿಸಿದರು. ನಗರಗಳ ಏಳುಬೀಳಿಗೆ ಇದು ಸರಿಯಾಗಿ ಹೊಂದಿಕೊಂಡಿತು.

ಗಂಟು ಬಿದ್ದದ್ದು ಕಾಲಗಣನೆಯಲ್ಲಿ. ಗಾಳಿಯಲ್ಲಿರುವ ರೇಡಿಯೋಕಾರ್ಬನ್ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಹಾಗಾಗಿ 4,000 ರೇಡಿಯೋಕಾರ್ಬನ್ ವರ್ಷ ಎಂದರೆ ನಿಜಕ್ಕೂ ಸುಮಾರು 4,500 ವರ್ಷ. ಇದನ್ನು ಸರಿಪಡಿಸುವ ಕೋಷ್ಟಕಗಳು ಆಗ ಇನ್ನೂ ಹದಕ್ಕೆ ಬಂದಿರಲಿಲ್ಲ. ಸುಣ್ಣಕಲ್ಲಿನಿಂದ ಕರಗಿ ಬಂದ ಹಳೆಯ ಇಂಗಾಲ ಸರೋವರದ ನೀರಿಗೆ ಸೇರಿದರೆ, ಅದರಲ್ಲಿ ಬೆಳೆದ ಸಸ್ಯವೂ ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಜೊತೆಗೆ, ಕಾಲ ಗೊತ್ತಾದ ಪದರಗಳೇ ಕೆಲವು. ನಡುವಿನ ಪದರಗಳಿಗೆಲ್ಲ ಅಂದಾಜೇ ಗತಿ. ಐನೂರು ವರ್ಷ ಆಚೀಚೆಯಾದರೆ ಬರವು ನಗರಗಳಿಗಿಂತ ಮೊದಲೇ ಬಂದಿರಬಹುದು, ಅವು ಬರಿದಾದ ಮೇಲೂ ಬಂದಿರಬಹುದು. ಇಂಥ ಅಳತೆಯನ್ನು ನೆಚ್ಚಿ ಒಂದು ನಾಗರಿಕತೆಯ ಅಂತ್ಯವನ್ನು ಪಠ್ಯಕ್ಕೆ ಇಳಿಸಲು ಅಷ್ಟು ಅವಸರ ಬೇಕಿರಲಿಲ್ಲ.

1999ರಲ್ಲಿ ಯೆಹೌದಾ ಎನ್ಜೆಲ್ ತಂಡ ಲೂಣಕರಣಸರವನ್ನೇ ಮತ್ತೆ ಓದಿತು. ಸರೋವರ ಬತ್ತಿದ್ದು ಸುಮಾರು 5,500 ವರ್ಷಗಳ ಹಿಂದೆ. ಆದರೆ ನಗರಗಳು ಉಚ್ಛ್ರಾಯಕ್ಕೆ ಬಂದದ್ದು ಸುಮಾರು 4,600 ವರ್ಷಗಳ ಹಿಂದೆ, ಅಂದರೆ ಒಣಗಿದ ನೆಲದ ಮಗ್ಗುಲಲ್ಲೇ.

2014ರಲ್ಲಿ ಹರಿಯಾಣದ ಕೋಟ್ಲಾ ದಹರ್ ಎಂಬ ಹಳೆಯ ಸರೋವರದ ಹೂಳು ಮತ್ತೆ ಚರ್ಚೆಯ ದಿಕ್ಕು ಬದಲಿಸಿತು. ನೀರು ಆವಿಯಾಗುವಾಗ ಅದರಲ್ಲಿನ ಆಮ್ಲಜನಕದ ಹಗುರ ಬಗೆ ಹೆಚ್ಚಾಗಿ ಹೊರಟುಹೋಗಿ, ಭಾರದ ಬಗೆ ಹೆಚ್ಚಾಗಿ ಉಳಿಯುತ್ತದೆ. ಆ ನೀರಿನ ಬಸವನಹುಳು ಅದನ್ನೇ ಚಿಪ್ಪಿಗೆ ಸೇರಿಸಿಕೊಳ್ಳುತ್ತದೆ. ಅಲ್ಲಿನ ಚಿಪ್ಪುಗಳ ಪ್ರಕಾರ ಮುಂಗಾರು ಥಟ್ಟನೆ ಸೊರಗಿದ್ದು ಸುಮಾರು 4,100 ವರ್ಷಗಳ ಹಿಂದೆ. 2018ರಲ್ಲಿ ಮೇಘಾಲಯದ ಮಾಮ್ಲೂ ಗುಹೆಯ ಸುಣ್ಣದ ಶಿಲೆಯನ್ನು ಆಧಾರವಾಗಿಟ್ಟು 4,200 ವರ್ಷಗಳ ಹಿಂದಿನ ಬರದಿಂದ ಶುರುವಾಗುವ 'ಮೇಘಾಲಯನ್' ಎಂಬ ಭೂಯುಗವನ್ನೇ ಗುರುತಿಸಿದಾಗ ಬರದ ಕಥೆಗೆ ಇನ್ನಷ್ಟು ಬಲ ಬಂತು.

ಹಾಗೆಂದು ಲೂಣಕರಣಸರದ ಲೆಕ್ಕ ಸುಳ್ಳಾಗುವುದಿಲ್ಲ. ಅದು ಥಾರ್ ಮರುಭೂಮಿಯ ಒಳಗಿದೆ. ಕೋಟ್ಲಾ ದಹರ್ ಸಿಂಧೂ ಸೀಮೆಯ ಪೂರ್ವದ ಅಂಚಿನಲ್ಲಿದೆ. ಎರಡರ ಮೇಲೂ ಒಂದೇ ಮಳೆ ಬೀಳುತ್ತಿತ್ತು ಎನ್ನಲಾಗದು. ನಗರಗಳು ಬರಿದಾದಾಗ ಜನ ನಾಶವಾಗಲಿಲ್ಲ. ಅನೇಕರು ಪೂರ್ವಕ್ಕೆ ಸರಿದು ಸಣ್ಣ ಹಳ್ಳಿಗಳಲ್ಲಿ ನೆಲೆಸಿದರು. ಬರ ಯಾವ ಊರನ್ನು ಯಾವಾಗ ತಟ್ಟಿತು ಎಂದು ಹೇಳಬೇಕಾದರೆ ಆಯಾ ಊರಿನ ಹತ್ತಿರದ ಹೂಳನ್ನೇ ಕೊರೆದು, ಊರು ಖಾಲಿಯಾದ ಕಾಲವನ್ನೂ ಅಷ್ಟೇ ನಿಖರವಾಗಿ ಅಳೆಯಬೇಕು.