ಹಳೇ ಲಾರಿಯ ಕ್ಯಾಬಿನ್‌ಗೆ ನೀರು: ಹೊಸ ಮ್ಯಾಟ್ ಹಾಸಿದರೆ ಸಾಕಾ?

ಪ್ರಶ್ನೆ: ನನ್ನ ಲಾರಿ ಹಳೆಯದು. ಮಳೆ ಬಂದರೆ ಡ್ರೈವರ್ ಕಾಲಿನ ಹತ್ತಿರ ನೀರು ನಿಲ್ಲುತ್ತದೆ. ಮ್ಯಾಟ್ ಎತ್ತಿ ನೋಡಿದರೆ ತುಕ್ಕು ಶುರುವಾಗಿದೆ. ತುಕ್ಕು ಉಜ್ಜಿ, ಪೇಂಟ್ ಹೊಡೆದು, ದಪ್ಪ ರಬ್ಬರ್ ಮ್ಯಾಟ್ ಹಾಸಿದರೆ ಸಾಕಾ?

ಸಾಲದು. ಸೋರುವುದು ನಿಲ್ಲದೆ ದಪ್ಪ ಮ್ಯಾಟ್ ಹಾಸಿದರೆ ತುಕ್ಕು ಇನ್ನೂ ಬೇಗ ಹಬ್ಬುತ್ತದೆ. ಬೂಟಿನ ಕೆಸರು ಕೆಳಗಿಳಿಯದ ಹಾಗೆ ರಬ್ಬರ್ ತಡೆಯುತ್ತದೆ, ನಿಜ. ಆದರೆ ಬೇರೆ ಕಡೆಯಿಂದ ಬಂದು ಅಡಿಯಲ್ಲಿ ಸೇರಿದ ನೀರು ಆರುವುದಕ್ಕೂ ಅದು ಬಿಡುವುದಿಲ್ಲ. ಮ್ಯಾಟ್ ಮೇಲೆ ಒಣಗಿರುತ್ತದೆ, ಅಡಿಯಲ್ಲಿ ತಗಡು ಕರಗುತ್ತಿರುತ್ತದೆ.

ಮೊದಲು ಅದು ಮಳೆನೀರೇ ಹೌದಾ ನೋಡಿ. ಬೆರಳಿಗೆ ಜಿಡ್ಡು ಹತ್ತಿ, ಸಿಹಿ ವಾಸನೆ ಬಂದರೆ ಅದು ಹೀಟರ್‌ನಿಂದ ಸೋರುವ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ. ಮುಂದಿನ ಗಾಜಿನ ಒಳಗೆ ಎಣ್ಣೆ ಸವರಿದ ಹಾಗೆ ಮಂಜು ಕಟ್ಟುವುದೂ ಅದರದೇ ಗುರುತು. ಕೂಲೆಂಟ್ ವಿಷ, ನಾಲಿಗೆಗೆ ಹಚ್ಚಿ ನೋಡಬೇಡಿ. ಬಿಸಿಲಲ್ಲೂ ಎಸಿ ಹಾಕಿದಾಗ ಮಾತ್ರ ಶುದ್ಧ ನೀರು ಬಂದರೆ ಎಸಿಯ ನೀರು ಹೊರಗೆ ಹೋಗುವ ಪೈಪು ಕಟ್ಟಿಕೊಂಡಿದೆ ಅಂತ ಅರ್ಥ. ಅದನ್ನು ಬಿಡಿಸಿದರೆ ಮುಗಿಯಿತು.

ಮಳೆನೀರಾದರೆ ಹುಡುಕಾಟ ಸ್ವಲ್ಪ ಜಾಸ್ತಿ. ನೀರು ಒಳಬರುವ ಜಾಗ ಒಂದು, ನಿಲ್ಲುವ ಜಾಗ ಇನ್ನೊಂದು. ಛಾವಣಿಯ ಮೇಲಿನ ಲೈಟ್ ಅಥವಾ ಆಂಟೆನಾ ಬುಡದಲ್ಲಿ ನುಸುಳಿದ ನೀರು ಗಾಜಿನ ಪಕ್ಕದ ಕ್ಯಾಬಿನ್ ಕಂಬದೊಳಗೆ ಇಳಿದು ಕಾಲ ಬಳಿ ಬರಬಹುದು. ಮುಂದಿನ ಗಾಜಿನ ರಬ್ಬರ್ ವಯಸ್ಸಾದಂತೆ ಗಟ್ಟಿಯಾಗಿ ಮೂಲೆಗಳಲ್ಲಿ ಬಿರಿಯುತ್ತದೆ. ವೈಪರ್ ಬುಡದ ಜಾಲರಿಯೊಳಗೆ ಎಲೆ, ಮಣ್ಣು ತುಂಬಿದರೆ ಅಲ್ಲಿ ನಿಂತ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿಯುತ್ತದೆ. ಎಂಜಿನ್ ಕಡೆಯಿಂದ ವೈರು, ಕೇಬಲ್ ಒಳಬರುವ ತೂತುಗಳ ರಬ್ಬರ್ ಕಳಚಿದ್ದರೂ ಅಷ್ಟೇ.

ಇಷ್ಟೆಲ್ಲ ನೋಡುವವರೂ ಬಾಗಿಲನ್ನು ಮರೆಯುತ್ತಾರೆ. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಬಾಗಿಲನ್ನು ಮಾಡಿರುವುದೇ ಹಾಗೆ. ಅದು ಕೆಳಗಿನ ಅಂಚಿನ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ತೂತಿಗೆ ಮಣ್ಣು ಕಟ್ಟಿದ್ದರೆ ಬಾಗಿಲು ತೆಗೆದು ಹಾಕುವಾಗ ಒಳಗೆ ಗುಳುಗುಳು ಸದ್ದು ಕೇಳುತ್ತದೆ. ಇನ್ನು ಒಳಗಿನ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ನೀರನ್ನು ಬಾಗಿಲೊಳಗೇ ತಡೆಯುತ್ತದೆ. ಸ್ಪೀಕರ್ ಹಾಕುವಾಗಲೋ ಗಾಜು ರಿಪೇರಿ ಮಾಡುವಾಗಲೋ ಯಾರೋ ಅದನ್ನು ಹರಿದು ಎಸೆದಿರುತ್ತಾರೆ. "ಸುಮ್ನೆ ಪ್ಲಾಸ್ಟಿಕ್, ಅದಕ್ಯಾಕೆ?" ಅನ್ನುವ ಮಾತು ಬೇರೆ. ಹಳೇ ಗಾಡಿಯಲ್ಲಿ ನಾನಾದರೆ ಮೊದಲು ತೆಗೆದು ನೋಡುವುದು ಇದನ್ನೇ. ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಬ್ಯೂಟೈಲ್ ಟೇಪಿನಿಂದ (ಜಿಗುಟು ರಬ್ಬರ್ ಟೇಪು) ಸುತ್ತಲೂ ಅಂಟಿಸಿ. ಹಾಳೆಯ ಕೆಳತುದಿ ಬಾಗಿಲೊಳಕ್ಕೆ ಮಡಚಿಕೊಂಡಿರಬೇಕು.

ಪರೀಕ್ಷೆಗೆ ಇಬ್ಬರು ಬೇಕು. ಮ್ಯಾಟ್ ತೆಗೆದು ನೆಲ ಒರೆಸಿ, ಒಣ ನ್ಯೂಸ್‌ಪೇಪರ್ ಹಾಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನಕ್ಕೆ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ, ಒಂದೊಂದು ಜಾಗದಲ್ಲೂ ಕೆಲವು ನಿಮಿಷ ನಿಂತು ಮೇಲಕ್ಕೆ ಹೋಗಬೇಕು. ಮೊದಲೇ ಛಾವಣಿಗೆ ಬಿಟ್ಟರೆ ಎಲ್ಲಾ ಕಡೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಪ್ರೆಶರ್ ವಾಷರ್ ಬೇಡ. ಅದು ಸರಿಯಾಗಿರುವ ರಬ್ಬರ್ ಅಡಿಯಲ್ಲೂ ನೀರು ನುಗ್ಗಿಸುತ್ತದೆ.

ಸಿಕ್ಕ ಸಂದಿಗೆಲ್ಲ ಸಿಲಿಕೋನ್ ಮೆತ್ತುವ ಅಭ್ಯಾಸವೂ ಒಳ್ಳೆಯದಲ್ಲ. ವಿನಿಗರ್ ವಾಸನೆ ಬರುವ ಸಿಲಿಕೋನ್ ಬರಿ ತಗಡಿಗೆ ತಾಗಿದರೆ ಅದರಿಂದಲೇ ತುಕ್ಕು ಹಿಡಿಯುತ್ತದೆ. ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ. ಗಾಡಿಯ ಜೋಡಣೆಗಳಿಗೆಂದೇ ಸೀಮ್ ಸೀಲರ್ ಸಿಗುತ್ತದೆ, ಅದನ್ನೇ ಬಳಸಿ.

ಸೋರುವುದು ನಿಂತ ಮೇಲೆ ನೆಲದ ಕೆಲಸ. ಮ್ಯಾಟ್ ಅಡಿಯ ಫೆಲ್ಟ್ ಅಥವಾ ಸ್ಪಂಜನ್ನು ಬಿಸಾಕಿ. ಅದು ಒಮ್ಮೆ ನೀರು ಕುಡಿದರೆ ವಾರಗಟ್ಟಲೆ ಆರುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ ಇದೆ. ಮೆತ್ತಗೆ ದಬ್ ಅಂದ ಕಡೆ ಮೊನೆಯಿಂದ ಒತ್ತಿ. ಪುಡಿ ಉದುರಿದರೆ ಅಲ್ಲಿ ಪೇಂಟ್ ಹೊಡೆದು ಪ್ರಯೋಜನವಿಲ್ಲ, ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ಸೀಟು, ಸೀಟ್ ಬೆಲ್ಟ್ ಕೂತಿರುವ ಜಾಗದಲ್ಲಂತೂ ಫೈಬರ್ ಪ್ಯಾಚ್ ಹಾಕಲೇಬೇಡಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ವೈರ್ ಬ್ರಷ್‌ನಲ್ಲಿ ಉಜ್ಜಿ, ಗುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಹಚ್ಚಿ. ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ಸೀಮ್ ಸೀಲರ್, ಕೊನೆಗೆ ಪೇಂಟ್. ಆದರೆ ಕನ್ವರ್ಟರ್ ಮೇಲೆ ಎಲ್ಲ ಪ್ರೈಮರೂ ಹಿಡಿಯುವುದಿಲ್ಲ, ಡಬ್ಬಿಯ ಮೇಲಿನ ಸೂಚನೆ ಓದಿಯೇ ಮುಂದುವರಿಯಿರಿ. ತುಕ್ಕಿನ ಮೇಲೇ ಟಾರ್ ಬಳಿದರೆ ಒಂದಷ್ಟು ದಿನ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಮ್ಯಾಟ್ ಹಾಕುವುದು ಇಷ್ಟೆಲ್ಲ ಆದ ಮೇಲೆ. ಕೆಳಗೆ ಮೆತ್ತೆ ಬೇಕೆಂದರೆ ನೀರು ಹೀರದ ಫೋಮ್ ಹಾಕಿ. ಮ್ಯಾಟನ್ನು ಎಲ್ಲಾ ಕಡೆ ಅಂಟಿಸಿಬಿಡಬೇಡಿ, ಜೋರು ಮಳೆಯ ಮಾರನೇ ದಿನ ಒಂದು ಮೂಲೆ ಎತ್ತಿ ಕೈಯಾಡಿಸಿ ನೋಡಲು ಆಗಬೇಕು.